ಬೀಗರ ಬುತ್ತಿಯ ಸಕ್ಕರೆ

ಕೊಡ್ಲಾ, ಸೇಡಂ ತಾಲೂಕು
17 ಜನವರಿ 2025

ಗೌರವಾನ್ವಿತ ಬೀಗತಿ ಶಿವಕಾಂತಮ್ಮನವರಿಗೆ,

ಮಗಳನ್ನು ನಿಮ್ಮ ಮಗನಿಗೆ ಕೊಟ್ಟು ಹನ್ನೆರಡು ವರ್ಷವಾದರೂ ನಿಮಗೊಂದು ಸಾಲು ಬರೆಯದ ಮಾಣಿಕಪ್ಪ ಈಗೇಕೆ ಕಾಗದ ಬರೆದನೆಂದು ಗಾಬರಿಯಾಗಬೇಡಿ. ಎಲ್ಲರೂ ಜೀವಂತ ಇದ್ದೇವೆ. ವಿಷಯ ಗುಪ್ತವಾದದ್ದು. ಫೋನಿನಲ್ಲಿ ಹೇಳುವಂತಿಲ್ಲ, ನಮ್ಮಾಕೆ ಒಂದು ಕಿವಿಯನ್ನು ನನ್ನ ಕಡೆ ಇಟ್ಟೇ ರೊಟ್ಟಿ ಬಡಿಯುತ್ತಾಳೆ. ವಾಟ್ಸಾಪಿನಲ್ಲಿ ಬರೆಯುವಂತಿಲ್ಲ, ನನ್ನ ಮಗಳೂ ನಿಮ್ಮ ಸೊಸೆಯೂ ಆದ ಸುಮಂಗಲಾ ಸಿಕ್ಕಾಗಲೆಲ್ಲ ನಮ್ಮ ಫೋನು ಇಸಕೊಂಡು ತನಿಖೆ ಮಾಡುತ್ತಾಳೆ. ಅಂಚೆಯವನೊಬ್ಬ ಮಾತ್ರ ಇನ್ನೂ ಅವಳ ಕಡೆ ಸೇರಿಲ್ಲ.

ಸಂಕ್ರಾಂತಿಯ ದಿನ ವಾಡಿಯಲ್ಲಿರುವ ಮಗಳು-ಅಳಿಯನ ಮನೆಯಲ್ಲಿ ಎಳ್ಳುಬೆಲ್ಲದ ತಟ್ಟೆಯನ್ನು ನಮ್ಮಿಬ್ಬರ ಮುಂದಿನಿಂದ ಎತ್ತಿಕೊಂಡು ಅವಳು ಹೊರಡಿಸಿದ ಫರ್ಮಾನು ನನ್ನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದೆ. "ಅಪ್ಪಾ, ನಿಂದು ಸಕ್ಕರಿ ಒಂಬತ್ತು ಪಾಯಿಂಟ್ ಒಂದು. ಅತ್ತಿ, ನಿಮ್ದು ಎಂಟು ಪಾಯಿಂಟ್ ಎಂಟು. ಹೋದ ವರ್ಷ ಮೈತ್ರಿ ಬ್ಯಾಸಗಿ ಸೂಟಿಗಿ ಬಂದಾಗ ಅಕಿ ಹೆಸರ ಮ್ಯಾಲ ಇಬ್ಬರೂ ಇಪ್ಪತ್ತಿಪ್ಪತ್ತ ದಿನ ಹೋಳಿಗಿ ಹೊಡದೀರಿ. ಈ ಸಲ ಅರ್ಧಾ-ಅರ್ಧಾ ಇಲ್ಲ. ಏಪ್ರಿಲ್‌ದಾಗ ನಾನೇ ಬಂದು ರಕ್ತ ತಗೋತೀನಿ. ಯಾರ ಸಕ್ಕರಿ ಜಾಸ್ತಿ ಇಳದದ, ಪೂರಾ ಸೂಟಿ ಮೈತ್ರಿ ಅವರ ಮನ್ಯಾಗ!"

ಒಂಬತ್ತು ವರ್ಷದ ಮೊಮ್ಮಗಳನ್ನು ಪಂದ್ಯದ ಕಪ್ಪಿನಂತೆ ನಡುವೆ ಇಟ್ಟಿದ್ದಾಳೆ. ಶಹಾಬಾದಿನ ಲ್ಯಾಬಿನಲ್ಲಿ ದಿನವಿಡೀ ಪರರ ರಕ್ತ ತೆಗೆದೂ ತೆಗೆದೂ ಅವಳ ಕರುಳಿನಲ್ಲಿ ರಕ್ತವೇ ಇಲ್ಲದಂತಾಗಿದೆ. ಅಲ್ಲದೆ, ಮೊದಲು ನನ್ನ ಸಕ್ಕರೆ ನೂರಾ ತೊಂಬತ್ತು ಅನ್ನುತ್ತಿದ್ದರು. ಈಗ ಅದ್ಯಾವುದೋ ಹೊಸ ಟೆಸ್ಟಿನಲ್ಲಿ ಒಂಬತ್ತಕ್ಕೆ ಇಳಿದಿದೆ. ಆದರೂ ಬೈಗುಳ!

ನನ್ನ ಸಲಹೆ ಹೀಗಿದೆ. ಮೂರು ತಿಂಗಳು ಉಪವಾಸ ಬೀಳುವ ದರಕಾರು ಇಲ್ಲ. ರಕ್ತ ತೆಗೆಯುವ ಮೊದಲಿನ ನಾಲ್ಕು ದಿನ ಇಬ್ಬರೂ ಬರೀ ಮಜ್ಜಿಗೆ ಕುಡಿದಿದ್ದರಾಯಿತು. ಇಬ್ಬರದೂ ಸಮಸಮ ಇಳಿಯುತ್ತದೆ, ಸೂಟಿಯೂ ಸಮಸಮ. ಸಿಮೆಂಟ್ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಶಿಫ್ಟು ಮಾಡಿದವನು ನಾನು. ಸಾಹೇಬರು ಬರುವ ದಿನ ಮಾತ್ರ ಹೆಲ್ಮೆಟ್ ಹಾಕಿಕೊಂಡರೆ ಸಾಕೆಂಬುದು ನನ್ನ ಅನುಭವ.

ಇನ್ನು ನನ್ನ ದಿನಚರಿ ನಿಮಗೆ ಗೊತ್ತು. ಕಾರ್ಖಾನೆಯ ಭೋಂಗಾ ಶಿಫ್ಟು ಬದಲಾದಾಗಲೆಲ್ಲ ಕೂಗುತ್ತದೆ. ಕೂಗಿದಾಗಲೆಲ್ಲ ಒಂದು ಕಪ್ಪು ಚಹಾ, ಎರಡು ಚಮಚ ಸಕ್ಕರೆ. ನಿವೃತ್ತಿಯಾಗಿ ಹನ್ನೊಂದು ವರ್ಷವಾಯಿತು, ಭೋಂಗಾಕ್ಕೆ ಅದು ತಿಳಿದಿಲ್ಲ, ನಾಲಿಗೆಗೂ ತಿಳಿದಿಲ್ಲ.

ಒಪ್ಪಿಗೆಯೇ? ಓದಿದ ಮೇಲೆ ಕಾಗದವನ್ನು ಒಲೆಗೆ ಹಾಕಿ.

ನಿಮ್ಮ ಬೀಗ,
ಮಾಣಿಕಪ್ಪ


ಚಂದ್ರಂಪಳ್ಳಿ, ಚಿಂಚೋಳಿ ತಾಲೂಕು
26 ಜನವರಿ 2025

ಬೀಗರಾದ ಮಾಣಿಕಪ್ಪನವರಿಗೆ ಶರಣು.

ನಿಮ್ಮ ಕಾಗದ ಒಲೆಗೆ ಹೋಗಿಲ್ಲ. ಮನೆಯಲ್ಲಿ ಗ್ಯಾಸು ಬಂದಿದೆ. ಟ್ರಂಕಿನಲ್ಲಿ ಇಟ್ಟಿದ್ದೇನೆ, ಮುಂದೆ ಸಾಕ್ಷಿಗೆ ಬೇಕಾಗಬಹುದು.

ನಾನು ಅಂಗನವಾಡಿಯಲ್ಲಿ ಮೂವತ್ತೆರಡು ವರ್ಷ ತಕ್ಕಡಿ ಹಿಡಿದವಳು. ತೂಕ ಹಾಕುವ ದಿನ ಬೆಳಿಗ್ಗೆ ಕೂಸಿಗೆ ಎರಡು ಲೋಟ ನೀರು ಕುಡಿಸಿ ತರುವ ತಾಯಂದಿರನ್ನು ಸಾವಿರ ನೋಡಿದ್ದೇನೆ. ಎಪ್ಪತ್ತೊಂದು ವರ್ಷದ ಕೂಸು ಅದೇ ಆಟ ಹೂಡುವುದನ್ನು ಈಗ ನೋಡಿದೆ. ಇರಲಿ, ಬೀಗರ ಮಾತು ಮೀರಬಾರದು. ಒಪ್ಪಿದ್ದೇನೆ. ಕೊನೆಯ ನಾಲ್ಕು ದಿನ ಮಜ್ಜಿಗೆ. ಅಲ್ಲಿಯವರೆಗೆ ನೀವು ನಿಶ್ಚಿಂತೆಯಿಂದ ಚಹಾ ಕುಡಿಯಿರಿ. ಗುಳಿಗೆಗಳನ್ನು ಮಾತ್ರ ಬಿಡಬೇಡಿ, ಅದರಲ್ಲಿ ರಾಜಕೀಯ ಮಾಡಬಾರದು.

ನನ್ನದೇನಿದೆ? ನಾನು ಹುರಿಗಡಲೆಯಂಥ ಹೆಂಗಸು, ನನ್ನ ಮೈಯಲ್ಲಿ ಸಕ್ಕರೆಗೆ ಜಾಗವೇ ಇಲ್ಲ. ಊಟವಾದ ಮೇಲೆ ಒಂದು ಚೂರು ಬೆಲ್ಲ ಬಾಯಿಗೆ ಹಾಕುತ್ತೇನೆ. ಬೆಲ್ಲವೇನು ಸಕ್ಕರೆಯೇ? ದಿನಾ ಮುಂಜಾನೆ ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುತ್ತೇನೆ. ಕೆರೆಯ ಕಡೆಯ ತಂಪು ಗಾಳಿ, ಏನು ಹೇಳಲಿ!

ಇವತ್ತು ಶಾಲೆಯವರು ಧ್ವಜ ಏರಿಸಲು ಕರೆದಿದ್ದರು. ಹೋಗಲಿಲ್ಲ. ಜೋಳ ಒಣಹಾಕಿದ್ದೆ, ಗುಬ್ಬಿ ಕಾಯಬೇಕಿತ್ತು.

ಶಿವಕಾಂತಮ್ಮ


ಕೊಡ್ಲಾ
9 ಫೆಬ್ರವರಿ 2025

ಬೀಗತಿಯವರಿಗೆ,

ಒಪ್ಪಂದಕ್ಕೆ ಸಹಿ ಬಿದ್ದ ಸಂತೋಷಕ್ಕೆ ನಮ್ಮಾಕೆಯ ಕೈಯಿಂದ ಬೇಸನ್ ಉಂಡಿ ಮಾಡಿಸಿ ಡಬ್ಬಿ ತುಂಬಿ ಕಳಿಸಿದ್ದೇನೆ. ನಿಮ್ಮೂರಿನಿಂದ ಸೇಡಂಗೆ ಬರುವ ಬಸ್ಸಿನ ಕಂಡಕ್ಟರ್ ಅಣವೀರ ನಮ್ಮ ಓಣಿಯವನೇ, ತಲುಪಿಸುತ್ತಾನೆ. ಬೀಗರ ಬುತ್ತಿಯನ್ನು ತಿನ್ನದೆ ಇಡಬಾರದು, ಹಂಚಿ ಕೈತೊಳೆದುಕೊಳ್ಳಲೂಬಾರದು. ಇದು ನಾನು ಮಾಡಿದ ಶಾಸ್ತ್ರವಲ್ಲ. ದಿನಕ್ಕೆ ಮೂರಾದರೂ ತಿನ್ನಿರಿ. ಬೆಲ್ಲವನ್ನೂ ಬಿಡಬೇಡಿ. ಈ ವಯಸ್ಸಿನಲ್ಲಿ ಬಾಯಿ ಕಟ್ಟಿ ಯಾವ ರಾಜ್ಯ ಆಳಬೇಕಾಗಿದೆ?

ನಾನಂತೂ ಆರಾಮವಾಗಿದ್ದೇನೆ. ಮೊನ್ನೆ ಸೇಡಂಗೆ ಹೋದಾಗ ಬಂದೇನವಾಜನ ಮೆಡಿಕಲ್ ಅಂಗಡಿಯಲ್ಲಿ ಅರ್ಧ ತಾಸು ಕೂತು ಬಂದೆ. ಲೋಕಾಭಿರಾಮ ಮಾತಾಡಿದೆವು. ವಿಶೇಷವೇನಿಲ್ಲ.

ಹೊಸ ಚಪ್ಪಲಿ ಕೊಂಡಿದ್ದೇನೆ, ಬೂಟಿನಂಥವು. ಸುಮ್ಮನೆ ಕೊಂಡೆ.

ಮಾಣಿಕಪ್ಪ


ಚಂದ್ರಂಪಳ್ಳಿ
20 ಫೆಬ್ರವರಿ 2025

ಬೀಗರಿಗೆ,

ಉಂಡಿಗಳು ತಲುಪಿದವು. ಆಹಾ! ಬಾಯಿಗಿಟ್ಟರೆ ಕರಗುತ್ತವೆ. ಸಕ್ಕರೆ ಒಂದು ಹಿಡಿ ಹೆಚ್ಚೇ ಬಿದ್ದಿದೆ ಅನಿಸಿತು, ಆದರೂ ಬೀಗತಿಯ ಕೈಗುಣವನ್ನು ಮೆಚ್ಚಿ ದಿನಕ್ಕೆ ಮೂರರಂತೆ ತಿಂದು ಮುಗಿಸಿದೆ.

ಬೀಗರ ಡಬ್ಬಿಯನ್ನು ಬರಿದೇ ಕಳಿಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಇಪ್ಪತ್ತೈದು ಶೇಂಗಾ ಹೋಳಿಗೆ ಇಟ್ಟಿದ್ದೇನೆ, ತುಪ್ಪ ಬೇರೆ ಕಟ್ಟಿದ್ದೇನೆ. ಒಂದೊಂದು ಭೋಂಗಾಕ್ಕೆ ಎರಡೆರಡು ತಿನ್ನಿರಿ. ನನ್ನ ಕೈಯಾರೆ ಸ್ಟ್ಯಾಂಡಿಗೆ ಒಯ್ದು ಅಣವೀರನಿಗೆ ಕೊಟ್ಟಿದ್ದೇನೆ.

ಶಿವಕಾಂತಮ್ಮ


ಕೊಡ್ಲಾ
3 ಮಾರ್ಚ್ 2025

ಬೀಗತಿಯವರೆ,

ನಿಮ್ಮ ಕಾಗದವನ್ನು ನಮ್ಮಾಕೆಗೆ ಓದಿ ಹೇಳಿದೆ. 'ಸಕ್ಕರೆ ಒಂದು ಹಿಡಿ ಹೆಚ್ಚೇ' ಎಂಬಲ್ಲಿಗೆ ಬರುತ್ತಲೂ ಆಕೆ ನಗಲು ಶುರು ಮಾಡಿದವಳು ತವೆಯ ಮೇಲಿನ ರೊಟ್ಟಿ ಕರಕಾದರೂ ನಿಲ್ಲಿಸಲಿಲ್ಲ.

"ಅದರಾಗ ನಾ ಸಕ್ಕರಿ ಹಾಕೇ ಇಲ್ರೀ!" ಅಂದಳು. "ನಿಮ್ಮ ಹಣೇಬಾರ ನನಗ ಗೊತ್ತಿಲ್ಲೇನು? ಬೀಗತಿಗಿ ಸಕ್ಕರಿ ತಿನಿಸಿ ಗೆಲ್ಲಬೇಕಂತ ಹೊಂಟೀರಿ. ಅದಕ್ಕ ಬರೀ ಹಿಟ್ಟು ತುಪ್ಪ ಕಟ್ಟಿ ಕಳಸೀನಿ."

ಆದ್ದರಿಂದ ಬೀಗತಿಯವರೆ, ನೀವು ಒಂದು ಉಂಡಿಯನ್ನೂ ಬಾಯಿಗಿಟ್ಟಿಲ್ಲವೆಂದು ಸಾಬೀತಾಗಿದೆ. ನನ್ನ ಮೇಲಿನ ಆರೋಪವನ್ನೂ ಒಪ್ಪಿಕೊಳ್ಳುತ್ತೇನೆ. ಬಂದೇನವಾಜ್ ಅಂದು ನನಗೆ ಬ್ರಹ್ಮಜ್ಞಾನ ಕೊಟ್ಟಿದ್ದ: "ಕಾಕಾ, ಈ ಟೆಸ್ಟ್ ನಿನ್ನಿ ಏನ ತಿಂದಿ ಅಂತ ಕೇಳಲ್ಲ. ಮೂರ ತಿಂಗಳದ್ದು ಸಬ್ ಕುಛ್ ಹೇಳ್ತದ. ನಾಕ ದಿನದ ಮಜ್ಜಿಗಿಗಿ ಅದು ಮೋಸ ಹೋಗಂಗಿಲ್ಲ." ಅಂದಿನಿಂದ ಚಹಾಕ್ಕೆ ಸಕ್ಕರೆ ಬಂದ್. ಭೋಂಗಾ ಕೂಗಿದರೆ ಈಗ ಕಪ್ಪು ಎತ್ತುವುದಿಲ್ಲ, ಬೂಟು ಹಾಕುತ್ತೇನೆ. ಊರಿನ ಸುತ್ತ ಒಂದು ಸುತ್ತು. ಮೊದಲ ವಾರ ನಾಯಿಗಳು ಬೊಗಳಿದವು, ಈಗ ಎರಡು ನಾಯಿ ಜೊತೆಗೇ ಬರುತ್ತವೆ. ಇದನ್ನು ನಿಮಗೆ ತಿಳಿಸದೆ, ಬೆಲ್ಲ ತಿನ್ನಿರಿ ಎಂದು ಬರೆದೆ. ನೀವೂ ಎಲ್ಲ ಗೊತ್ತಿದ್ದೇ ನನಗೆ ಚಹಾ ಕುಡಿಸುತ್ತಿದ್ದಿರಿ ಎಂದು ನನ್ನ ಬಲವಾದ ಅನುಮಾನ. ನಿಮ್ಮ ಹೋಳಿಗೆ ಬಂದೇನವಾಜನ ಮನೆ ಸೇರಿದವು. ಅವನ ಹೆಂಡತಿ ಫಿರ್ದೋಸ್ ನಿಮಗೆ ಸಲಾಂ ಹೇಳಿದ್ದಾಳೆ.

ಇನ್ನೊಂದು ತಮಾಷೆ ಕೇಳಿ. "ನಮ್ಮ ಬೀಗತಿ ದಿನಾ ಸ್ಟ್ಯಾಂಡಿನ ತನಾ ನಡೀತಾರಂತಲ್ಲೋ" ಎಂದು ಅಣವೀರನಿಗೆ ಕೇಳಿದೆ. "ಯಾರು, ಟೀಚರಮ್ಮೋರಾ? ಡಬ್ಬಿ ತಂದುಕೊಟ್ಟವರು ಹಾಲಿನ ಉದಯಕುಮಾರ ರೀ. ಅಮ್ಮೋರ್ನ ನಾ ನೋಡಿ ಎರಡ ವರ್ಷ ಆತು" ಅಂದ. ಯಾರ ಕಣ್ಣಿಗೂ ಬೀಳದಂತೆ ನಡೆಯುವ ಈ ವಿದ್ಯೆಯನ್ನು ನನಗೂ ಕಲಿಸಿರಿ. ನಾಯಿಗಳ ಕಾಟವಾದರೂ ತಪ್ಪೀತು.

ಗೆಲ್ಲಲಿರುವ ಬೀಗ,
ಮಾಣಿಕಪ್ಪ


ಕೊಡ್ಲಾ
19 ಮಾರ್ಚ್ 2025

ಬೀಗತಿಯವರಿಗೆ,

ಹದಿನಾರು ದಿನವಾಯಿತು, ಉತ್ತರವಿಲ್ಲ. ಅಂಚೆಯವನನ್ನು ದಿನಾ ಬೈಯುತ್ತಿದ್ದೆ. ನಿನ್ನೆ ಅವನ ತಪ್ಪಲ್ಲವೆಂದು ತಿಳಿಯಿತು.

ಸುಮಂಗಲಾಗೆ ಫೋನು ಮಾಡಿ, ನಿಮ್ಮತ್ತೆ ಹೇಗಿದ್ದಾರೆ ಎಂದು ಬೇರೆ ಮಾತಿನ ನಡುವೆ ತುರುಕಿ ಕೇಳಿದೆ. "ಅತ್ತಿ ಎರಡ ವರ್ಷದ ಹಿಂದ ಬಚ್ಚಲದಾಗ ಜಾರಿ ಬಿದ್ದಿದ್ರಪ್ಪಾ" ಅಂದಳು. "ಸೊಂಟ ವಾಸಿ ಆಗಿ ಭಾಳ ದಿನ ಆತು. ಡಾಕ್ಟರು ಅಡ್ಡಾಡ್ರಿ ಅಂದಾರ. ಆದ್ರ ಹೊಸ್ತಿಲ ದಾಟಲಿಕ್ಕೇ ಅಂಜತಾರ. ಸಂಕ್ರಾಂತಿಗೂ ಬಾಗಲಿಗೇ ಕಾರ್ ತಂದು ಇವರು ಕೈ ಹಿಡದು ಕೂಡಿಸಿಕೊಂಡು ಬಂದಿದ್ರು. ನಿನಗ ಹೇಳಬ್ಯಾಡ ಅಂದಿದ್ರು."

ನನಗೆ ಏಕೆ ಹೇಳಬಾರದೆಂದದ್ದು ಅರ್ಥವಾಯಿತು. ನಿಮ್ಮ ಬಚ್ಚಲಿಗೆ ಶಹಾಬಾದಿನ ಕಲ್ಲು ಕೊಡಿಸಿದವನು ನಾನು. ಕನ್ನಡಿಯಂತೆ ಪಾಲಿಶ್ ಇರಲಿ, ಬೀಗರ ಮನೆ ಎಂದು ನಿಂತು ಆರಿಸಿದ್ದೆ. ಗಾರೆಯವನು ಬೇಡವೆಂದಿದ್ದ, ನಾನೇ ಕೇಳಲಿಲ್ಲ.

ಹೋದ ಕಾಗದದ ತಮಾಷೆಯನ್ನು ವಾಪಸು ತೆಗೆದುಕೊಂಡಿದ್ದೇನೆ. ಬರೆದ ಕೈಯನ್ನು ನಮ್ಮಾಕೆ ತಕ್ಕಷ್ಟು ವಿಚಾರಿಸಿದ್ದಾಳೆ.

ಈಗ ಎರಡು ಕೆಲಸ ಮಾಡಿರಿ. ಕಲ್ಲು ಒಡೆಯುವ ಗೊಲ್ಲಾಳಪ್ಪ ನಿಮ್ಮೂರವನೇ. ಅವನ ಕೈಯಿಂದ ಬಚ್ಚಲ ಕಲ್ಲಿಗೆ ಉಳಿಯ ಕಚ್ಚು ಹಾಕಿಸಿ ಒರಟು ಮಾಡಿಸಿ, ಗೋಡೆಗೆ ಹಿಡಿಕೆ ಕೂಡಿಸಿರಿ. ಎರಡನೆಯದು: ಇನ್ನು ಮೇಲೆ ಡಬ್ಬಿಯನ್ನು ಉದಯಕುಮಾರ ತಂದರೆ ಅಣವೀರ ಮುಟ್ಟುವುದಿಲ್ಲ. ಹಾಗೆಂದು ಹುಕುಂ ಕೊಟ್ಟಿದ್ದೇನೆ. ಮೊದಲು ಪಕ್ಕದ ಅಂಗನವಾಡಿಯ ಬಾಗಿಲತನಕ ಬನ್ನಿ. ನಾಲ್ಕು ದಿನ ಬಿಟ್ಟು ಬೋರಿನತನಕ. ಆಮೇಲೆ ಸ್ಟ್ಯಾಂಡು. ಜೊತೆಗೆ ಒಬ್ಬರಿರಲಿ, ಕೈಯಲ್ಲಿ ಕೋಲಿರಲಿ.

ಡಬ್ಬಿಯಲ್ಲಿ ನಮ್ಮಾಕೆ ಹುರಿಗಡಲೆ ತುಂಬಿ ಮತ್ತೆ ಕಳಿಸಿದ್ದಾಳೆ, ಅದು ನನಗೆ ತುರ್ತಾಗಿ ವಾಪಸು ಬೇಕು. ನಿಮ್ಮ ಮನೆಯಲ್ಲಿ ಅದು ಉಳಿದರೆ ಬೀಗರ ಡಬ್ಬಿ ನುಂಗಿದರು ಎಂದು ಊರು ಆಡಿಕೊಳ್ಳುತ್ತದೆ.

ಮಾಣಿಕಪ್ಪ


ಚಂದ್ರಂಪಳ್ಳಿ
ಯುಗಾದಿ, 30 ಮಾರ್ಚ್ 2025

ಬೀಗರಿಗೆ ಹೊಸ ವರ್ಷದ ಶರಣು.

ಇವತ್ತು ಬೇವು ಪೂರ್ತಿ ತಿಂದೆ, ಬೆಲ್ಲಕ್ಕೆ ನಾಲಿಗೆ ತಾಗಿಸಿದೆ. ಜೀವನದಲ್ಲಿ ಕಹಿ-ಸಿಹಿ ಸಮನಾಗಿರಬೇಕು ಎನ್ನುವವರಿಗೆ ನನ್ನ ಸೊಸೆಯ ಪರಿಚಯವಿಲ್ಲ.

ನಿಮ್ಮ ಆ ತಮಾಷೆಯ ಕಾಗದ ಓದಿ ನಿಮ್ಮ ಮೂಗಿನ ಮೇಲೆ ಡಬ್ಬಿ ಬಡಿಯಬೇಕೆನಿಸಿತ್ತು. ಅಷ್ಟು ದೂರ ಬರಲಾಗದೆಂಬ ಕಾರಣಕ್ಕೆ ಉಳಿದಿರಿ. ಟೆಸ್ಟಿನ ವಿಷಯ ನನಗೆ ಮೊದಲ ದಿನದಿಂದ ಗೊತ್ತಿತ್ತು. ಸಂಕ್ರಾಂತಿಯಿಂದ ನನ್ನ ಬೆಲ್ಲದ ಗಡಿಗೆಗೆ ಬಟ್ಟೆ ಕಟ್ಟಿದೆ. ನಿಮ್ಮ ಉಂಡಿಗಳನ್ನು ಅಂಗನವಾಡಿ ಮಕ್ಕಳನ್ನು ನನ್ನ ಹೊಸ್ತಿಲಿಗೇ ಕರೆಸಿ ಹಂಚಿದ್ದೆ. ಒಂದೊಂದೂ ಬಾಯಿಂದ ತೆಗೆದು ನನ್ನ ಕೈಗೇ ವಾಪಸು ಕೊಟ್ಟವು. ಆಗಲೇ ನಾನು ಎಚ್ಚರವಾಗಬೇಕಿತ್ತು.

ಕಲ್ಲಿನ ವಿಷಯ ಹೇಳದೆ ಇದ್ದದ್ದು, ನೀವು ಹೀಗೆ ಮುಖ ಇಳಿಬಿಟ್ಟುಕೊಂಡು ಕಾಗದ ಬರೆಯುತ್ತೀರಿ ಎಂದೇ. ಕಲ್ಲಿನದೇನೂ ತಪ್ಪಿಲ್ಲ. ಬಿದ್ದದ್ದು ಒಂದು ದಿನ, ಅಂಜಿದ್ದು ಎರಡು ವರ್ಷ.

ಹೇಳಿಯೇ ಬಿಡುತ್ತೇನೆ. ಹೋದ ಸೂಟಿಯಲ್ಲಿ ಮೈತ್ರಿ ದಿನಾ ಕೇಳುತ್ತಿದ್ದಳು, "ಅಜ್ಜಿ, ಕೆರಿ ಏರಿ ಮ್ಯಾಲ ಹೋಗಮಾ." ಇಪ್ಪತ್ತು ದಿನವೂ ನಾನು, "ಬಿಸಲ ಭಾಳ ಅದ ಚಿನ್ನಿ" ಅಂದೆ. ಒಂದಿನ ಮೋಡ ಮುಸುಕಿ ತಂಪಾಗಿತ್ತು. ಅವತ್ತೂ ಬಾಯಿತಪ್ಪಿ ಅದನ್ನೇ ಅಂದೆ. ಅವಳು ಆಕಾಶ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಹೊರಡುವ ದಿನ, "ಮುಂದಿನ ವರ್ಷ ಕೊಡ್ಲಾದಾಗೇ ಇರ್ತೀನಿ. ಅಜ್ಜ ಹೊರಗ ಕರಕೊಂಡು ಹೋಗ್ತಾನ" ಅಂದಳು. ನಾನು ಈ ಪಂದ್ಯ ಗೆಲ್ಲಬೇಕಾದದ್ದು ಅದಕ್ಕೆ.

ನಿಮ್ಮ ಹುಕುಂ ಸಿಕ್ಕ ದಿನವೇ ಅಂಗನವಾಡಿ ಬಾಗಿಲಿಗೆ ಹೋದೆ. ಹನ್ನೊಂದು ಹೆಜ್ಜೆ. ಬೆವರು ಮಾತ್ರ ಹನ್ನೊಂದು ಮೈಲಿಯದು. ಬೋರಿನ ಹತ್ತಿರ ಹೋದ ದಿನ ಕಟ್ಟೆಯ ಮೇಲೆ ಕೂತಿದ್ದ ಗೊಲ್ಲಾಳಪ್ಪ, "ಏನ್ ಟೀಚರಮ್ಮ, ಹೊರಗ ಬಂದೀರಿ? ಮಿನಿಸ್ಟ್ರು ಬರಾಕತ್ತಾರೇನು?" ಅಂದ.

"ನನ್ನ ಕಾಲು ಬರಾಕತ್ತಾವೋ, ಜಾಗಾ ಬಿಡು" ಅಂದೆ.

ಬಚ್ಚಲ ಕಲ್ಲಿಗೆ ಕಚ್ಚು ಹಾಕಲು ಅವನಿಗೇ ಹೇಳಿದೆ. "ಇಷ್ಟು ಚೆಂದನ ಕಲ್ಲು ಕೆಡಸ್ಲಿ?" ಅಂತ ಅರ್ಧ ತಾಸು ಅತ್ತ.

ನಿನ್ನೆ ಸ್ಟ್ಯಾಂಡಿಗೆ ಮುಟ್ಟಿದೆ. ಕೋಲು ಒಂದು ಕೈಯಲ್ಲಿ, ಡಬ್ಬಿ ಇನ್ನೊಂದರಲ್ಲಿ, ಹಿಂದೆ ಉದಯಕುಮಾರ ಸೈಕಲ್ ತಳ್ಳಿಕೊಂಡು. ಅಣವೀರ ಬಸ್ಸು ನಿಲ್ಲಿಸಿಕೊಂಡು ಕಾದ. ಒಳಗಿನಿಂದ ಯಾರೋ, "ಲೇಟ್ ಆಗ್ಲಿಕತ್ತದ್ರಿ!" ಅಂದರು. "ಎರಡ ವರ್ಷ ಲೇಟ್ ಆಗ್ಯದ, ಇನ್ನ ಎರಡ ನಿಮಿಷ ಕುಂದ್ರಿ" ಅಂದ ಪುಣ್ಯಾತ್ಮ.

ಡಬ್ಬಿಯಲ್ಲಿ ಮಡಕಿ ಕಾಳಿನ ಉಸುಳಿ ಇದೆ. ಉಪ್ಪು ಕಡಿಮೆ, ಸಿಹಿ ಇಲ್ಲ. ಈ ಸಲ ನಿಜವಾಗಿ ತಿನ್ನಬಹುದು.

ಶಿವಕಾಂತಮ್ಮ


ಕೊಡ್ಲಾ
9 ಏಪ್ರಿಲ್ 2025

ಬೀಗತಿಯವರಿಗೆ,

ರವಿವಾರ ಸುಮಂಗಲಾ ಎರಡೂ ಊರು ಸುತ್ತಿ ನಮ್ಮಿಬ್ಬರ ರಕ್ತ ಒಯ್ದದ್ದರ ತೀರ್ಪು ನಿನ್ನೆ ಬಂತು. ನಿಮಗೂ ಫೋನಿನಲ್ಲಿ ಹೇಳಿರುತ್ತಾಳೆ. ಆದರೂ ದಾಖಲೆಗಾಗಿ ಬರೆಯುತ್ತೇನೆ. ನಿಮ್ಮದು ಎಂಟು ಪಾಯಿಂಟ್ ಎಂಟರಿಂದ ಏಳು ಪಾಯಿಂಟ್ ಆರು. ನನ್ನದು ಒಂಬತ್ತು ಪಾಯಿಂಟ್ ಒಂದರಿಂದ ಏಳು ಪಾಯಿಂಟ್ ಏಳು. ಅಂದರೆ ನಿಮಗಿಂತ ಪಾಯಿಂಟ್ ಎರಡು ಹೆಚ್ಚು ಇಳಿಸಿ ಈ ಬಡಪಾಯಿ ಗೆದ್ದಿದ್ದಾನೆ.

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಒಂದು ಬಹುಮಾನ ಕಾಣದವನು ನಾನು. ಓಣಿಯಲ್ಲಿ ಎಲ್ಲರಿಗೂ ಹೇಳಿ ಬಂದೆ. ನಾಯಿಗಳಿಗೂ ಹೇಳಿದೆ.

ಈಗ ಗೆದ್ದವನ ಹಕ್ಕಿನಿಂದ ಆಜ್ಞೆ ಮಾಡುತ್ತಿದ್ದೇನೆ. ಮೈತ್ರಿ ಪೂರಾ ಸೂಟಿ ಚಂದ್ರಂಪಳ್ಳಿಯಲ್ಲಿರಲಿ. ಅವಳನ್ನು ಕೆರೆ ಏರಿಯ ಮೇಲೆ ಕರೆದೊಯ್ಯುವ ಕೆಲಸ ನಿಮ್ಮದು. ನಮ್ಮಾಕೆ ಇದಕ್ಕೆ ಒಪ್ಪಿದ್ದಾಳೆ. ನಾನೂ ಒಪ್ಪಿದ್ದೇನೆ, ಬೆಳಿಗ್ಗೆಯಿಂದ ಸ್ವಲ್ಪ ಊಟ ಸೇರುತ್ತಿಲ್ಲ ಅಷ್ಟೇ. ಅದೂ ಸಕ್ಕರೆಗೆ ಒಳ್ಳೆಯದಂತೆ.

ಅಳಿಯ ಅಜಯಕುಮಾರ ಇಪ್ಪತ್ತನೇ ತಾರೀಖಿನ ರವಿವಾರ ಅವಳನ್ನು ಕರೆತರುತ್ತಾನೆ. ಯಾವ ಊರಿಗೆಂದು ಅವನಿಗೆ ನೀವೇ ತಿಳಿಸಿರಿ. ನನ್ನ ಬಾಯಿಂದ ಹೇಳಿಸಬೇಡಿ.

ಮಾಣಿಕಪ್ಪ


ಚಂದ್ರಂಪಳ್ಳಿ
15 ಏಪ್ರಿಲ್ 2025

ಬೀಗರಿಗೆ,

ನಿಮ್ಮ ಆಜ್ಞೆ ತಲುಪಿತು. ತಿರಸ್ಕರಿಸಿದ್ದೇನೆ.

ಮೊಮ್ಮಗಳನ್ನು ದಾನವಾಗಿ ತೆಗೆದುಕೊಳ್ಳುವಷ್ಟು ನಮ್ಮ ಮನೆತನ ಬಡವಾಗಿಲ್ಲ. ಸೋತವಳು ಸೋತವಳೇ. ಮೈತ್ರಿ ಕೊಡ್ಲಾಕ್ಕೆ ಬರುತ್ತಾಳೆ ಎಂದು ಮಗನಿಗೆ ಹೇಳಿಯಾಯಿತು. ನೀವು ಹೊಟ್ಟೆ ತುಂಬ ಉಣ್ಣಿರಿ.

ಆದರೆ ಸೊಸೆಯ ಫರ್ಮಾನನ್ನು ನಾನು ಎರಡು ಸಲ ನೆನೆದು ನೋಡಿದೆ. ಮೊಮ್ಮಗಳು ಯಾರ ಮನೆಯಲ್ಲಿ ಇರಬೇಕೆಂದು ಅದರಲ್ಲಿದೆ. ಅಜ್ಜಿ ಎಲ್ಲಿರಬಾರದೆಂದು ಎಲ್ಲೂ ಇಲ್ಲ. ಆದ್ದರಿಂದ ರವಿವಾರ ಎಂಟು ಗಂಟೆಯ ಬಸ್ಸಿಗೆ ನಾನೂ ಹೊರಟಿದ್ದೇನೆ. ಹದಿನೈದು ದಿನ ಇರುತ್ತೇನೆ. ಬೀಗತಿ ಬೀಗರ ಮನೆಯಲ್ಲಿ ಅಷ್ಟು ದಿನ ಬೀಡುಬಿಟ್ಟರೆ ಜನ ಏನೆನ್ನುತ್ತಾರೆ ಎಂದು ನಿಮ್ಮಾಕೆಗೆ ಚಿಂತೆಯಾದರೆ, ಪಂದ್ಯ ಗೆದ್ದ ಶಿಕ್ಷೆ ಎಂದು ಹೇಳಿರಿ. ನಿಮ್ಮ ಚಹಾದ ಡಬ್ಬದ ಬೀಗದಕೈ ನನ್ನ ಸೊಂಟದಲ್ಲಿರುತ್ತದೆ. ಮುಂಜಾನೆ ನೀವು ಊರು ಸುತ್ತಲು ಹೊರಟಾಗ ಮೈತ್ರಿ ಮುಂದೆ, ನಾನು ನಡುವೆ, ನೀವೂ ನಿಮ್ಮ ನಾಯಿಗಳೂ ಹಿಂದೆ. ಹದಿನೈದು ದಿನ ಹೀಗೆ ಕಾಲು ಪಳಗಿದರೆ ಅವಳನ್ನು ಇಲ್ಲಿಗೆ ಕರೆತಂದು ಕೆರೆ ಏರಿ ಹತ್ತಿಸುತ್ತೇನೆ. ನೀವು ಗಂಡ-ಹೆಂಡತಿ ಹಿಂದಿನಿಂದ ಬರಬಹುದು, ಕರೆದಿದ್ದೇನೆ.

ಮೈತ್ರಿಗೆ ನಿನ್ನೆ ಫೋನಿನಲ್ಲಿ ಹೇಳಿದೆ. "ಅಜ್ಜಿ, ಬಿಸಲ ಭಾಳ ಅದಲ್ಲ?" ಎಂದು ಮೆಲ್ಲಗೆ ಕೇಳಿದಳು.

"ಇರ್ಲಿ ಬಿಡು ಚಿನ್ನಿ, ಛತ್ರಿ ತರ್ತೀನಿ" ಅಂದೆ.

ಒಂದು ಮಾತು. ಬಸ್ಸಿನ ಮೆಟ್ಟಿಲು ಎತ್ತರ, ಅಮ್ಮೋರ ಕೈ ಹಿಡಿದು ಹತ್ತಿಸು ಎಂದು ಇದನ್ನು ಓದುತ್ತಲೇ ನೀವು ಅಣವೀರನಿಗೆ ಹೇಳಲು ಹೊರಡುತ್ತೀರಿ, ನನಗೆ ಗೊತ್ತು. ಬೇಡ. ಅವನು ಬಾಗಿಲು ತೆರೆದು ಸೀಟಿ ಊದದೆ ಸುಮ್ಮನೆ ನಿಂತರೆ ಸಾಕು. ಹತ್ತುವವಳು ನಾನು.

ಶಿವಕಾಂತಮ್ಮ